‘ನೋಡೋಣ’ ಎಂದವರ ನಡುವೆ

ನಮ್ಮ ಕಡೆ ಯಾರಲ್ಲಾದರೂ ಸಾಲ ಕೇಳಲು ಹೋದಾಗ ಅವರು ‘ನೋಡೋಣ’ ಎಂದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡಲು ಬಂದವರು ‘ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ’ ಎಂದು ಎದ್ದು ಹೊರಟರೆ ಹಿರಿಯರು ಆ ಸಂಬಂಧದ ಆಸೆಯನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನುವುದು ಒರಟುತನ ಎಂದು ಕಲಿತೇ ನಾವು ಬೆಳೆದದ್ದು. ಹೀಗೆ ಬೆಳೆದ ನಾವು, ಕೊರಿಯಾದ ಒಂದು ಶಾಲೆಯಲ್ಲಿ ಅದೇ ‘ನೋಡೋಣ’ವನ್ನು ಅರ್ಥ ಮಾಡಿಕೊಳ್ಳದೆ ಒಬ್ಬರಿಗೆ ಅನ್ಯಾಯ ಮಾಡಿ ಬಂದೆವೇನೋ ಎಂಬ ಸಂಶಯ ಹತ್ತು ವರ್ಷಗಳ ಮೇಲಾದರೂ ನಮ್ಮನ್ನು ಬಿಟ್ಟಿಲ್ಲ.

ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಇಬ್ಬರೂ ಇಂಗ್ಲಿಷ್ ಎಂ.ಎ., ಬಿ.ಎಡ್. ಮುಗಿಸಿ ಕರಾವಳಿಯ ಪ್ರೌಢಶಾಲೆಗಳಲ್ಲಿ ಕೆಲವು ವರ್ಷ ಪಾಠ ಮಾಡಿದವರು. ದಕ್ಷಿಣ ಕೊರಿಯಾ ತನ್ನ ಸರಕಾರಿ ಶಾಲೆಗಳಿಗೆ ಹೊರದೇಶದ ಇಂಗ್ಲಿಷ್ ಶಿಕ್ಷಕರನ್ನು ಕರೆಸಿಕೊಳ್ಳುವ ದೊಡ್ಡ ಕಾರ್ಯಕ್ರಮವನ್ನು 1995ರಲ್ಲೇ ಆರಂಭಿಸಿತ್ತು. ಆದರೆ ಅದಕ್ಕೆ ಬೇಕಾದ ಇ-2 ವೀಸಾ ಸಿಗುತ್ತಿದ್ದುದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗೆ ಮಾತ್ರ. 2010ರ ಜನವರಿ 1ರಂದು ಭಾರತ ಮತ್ತು ಕೊರಿಯಾ ನಡುವಿನ ವ್ಯಾಪಾರ ಒಪ್ಪಂದ ಜಾರಿಗೆ ಬಂದಾಗ, ಇಂಗ್ಲಿಷ್ ಪದವಿ ಹಾಗೂ ಶಿಕ್ಷಕ ತರಬೇತಿ ಎರಡೂ ಇರುವ ಭಾರತೀಯರಿಗೂ ಸಹಾಯಕ ಶಿಕ್ಷಕರಾಗಿ ಹೋಗುವ ಒಂದು ಸಣ್ಣ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ನಾವು 2012ರ ಫೆಬ್ರವರಿಯಲ್ಲಿ ಒಳಹೊಕ್ಕೆವು. ಬುಸಾನ್ ನಗರದಿಂದ ಎರಡು ಗಂಟೆಯ ಬಸ್ ದಾರಿಯಲ್ಲಿದ್ದ ಸಣ್ಣ ಊರು. ಒಬ್ಬರಿಗೆ ಪ್ರಾಥಮಿಕ ಶಾಲೆ, ಇನ್ನೊಬ್ಬರಿಗೆ ಮಾಧ್ಯಮಿಕ ಶಾಲೆ.

ಹೋದ ವಾರದಲ್ಲೇ ಆಸ್ಪತ್ರೆಗೆ ಕರೆದೊಯ್ದು ಮಾದಕ ವಸ್ತು ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿದರು. ಕೊರಿಯಾದ ಶಿಕ್ಷಕರಿಗೆ ಎಚ್‌ಐವಿ ಪರೀಕ್ಷೆ ಇರಲಿಲ್ಲ, ನಮಗೆ ಮಾತ್ರ. 2007ರ ಕೊನೆಯಲ್ಲಿ ಬಂದ ಈ ನಿಯಮವನ್ನು ನ್ಯೂಜಿಲೆಂಡಿನ ಒಬ್ಬ ಶಿಕ್ಷಕಿ ಪ್ರಶ್ನಿಸಿ ವಿಶ್ವಸಂಸ್ಥೆಯವರೆಗೂ ಹೋದರು. ಜನಾಂಗ ತಾರತಮ್ಯ ನಿವಾರಣಾ ಸಮಿತಿ 2015ರಲ್ಲಿ ಅವರ ಪರ ಅಭಿಪ್ರಾಯ ನೀಡಿತು, 2017ರಲ್ಲಿ ನಿಯಮ ರದ್ದಾಯಿತು. ಪರೀಕ್ಷೆಗೆ ತೋಳು ಚಾಚಿ ಕೂತಿದ್ದಾಗ ನಮಗೆ ಇದೆಲ್ಲ ಗೊತ್ತಿರಲಿಲ್ಲ. ಕರೆದವರೇ ನಮ್ಮನ್ನು ಅನುಮಾನದಿಂದ ನೋಡುತ್ತಿದ್ದಾರೆ ಎಂಬ ಚುಚ್ಚು ಮಾತ್ರ ಒಳಗೆ ಉಳಿಯಿತು. ಮುಂದೆ ನಾವು ಸಣ್ಣ ಸಣ್ಣದಕ್ಕೂ ಅವಮಾನ ಹುಡುಕತೊಡಗಿದ್ದಕ್ಕೆ ಈ ಆರಂಭವೂ ಒಂದು ಕಾರಣವಿರಬೇಕು.

ಆದರೂ ಮೊದಲ ತಿಂಗಳುಗಳಲ್ಲಿ ಎಲ್ಲವೂ ಪರಿಚಿತವೆನಿಸಿತ್ತು. ಬೂಟು ಹೊರಗೆ ಬಿಟ್ಟು ಶಾಲೆಯ ಚಪ್ಪಲಿ ಹಾಕಿ ಒಳಗೆ ಹೋಗಬೇಕು. ಹಿರಿಯರಿಗೆ ತಲೆಬಾಗಬೇಕು. ಏನನ್ನಾದರೂ ಕೊಡುವಾಗ ಎರಡೂ ಕೈಯಲ್ಲಿ ಕೊಡಬೇಕು. ಪರಿಚಯವಾದ ಕೂಡಲೇ ‘ನಿಮ್ಮ ವಯಸ್ಸೆಷ್ಟು?’ ಎಂದು ಕೇಳುತ್ತಿದ್ದರು. ಕೆನಡಾದ ಗೆಳೆಯನಿಗೆ ಇದು ದೊಡ್ಡ ಅಸಭ್ಯತೆ. ನಮಗೆ ಅನಿಸಲಿಲ್ಲ. ಎದುರಿಗಿರುವವರು ಹಿರಿಯರೋ ಕಿರಿಯರೋ ತಿಳಿಯದೆ ಕೊರಿಯನ್ ಭಾಷೆಯಲ್ಲಿ ಕ್ರಿಯಾಪದವನ್ನು ಮುಗಿಸುವುದೇ ಕಷ್ಟ. ‘ಬಾ’ ಎನ್ನಬೇಕೋ ‘ಬನ್ನಿ’ ಎನ್ನಬೇಕೋ ಎಂದು ತಡವರಿಸುವ ಕನ್ನಡಿಗರಿಗೆ ಇದನ್ನು ವಿವರಿಸಬೇಕೆ? ಅಲ್ಲಿ ಶಿಕ್ಷಕರನ್ನು ಬರೀ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ‘ಸೊನ್‌ಸೆಂಗ್‌ನಿಮ್’ ಎನ್ನುತ್ತಾರೆ, ನಮ್ಮ ‘ಮೇಷ್ಟ್ರೇ’ ಇದ್ದ ಹಾಗೆ.

ಎಡವಿದ್ದೂ ಉಂಟು. ಒಂದು ದಿನ ತರಗತಿಯ ಮಕ್ಕಳ ಹೆಸರುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆವು. ಮಕ್ಕಳು ಗುಸುಗುಸು ಮಾತಾಡಿದರು, ಒಬ್ಬಳು ಅತ್ತೇಬಿಟ್ಟಳು. ಬದುಕಿರುವವರ ಹೆಸರನ್ನು ಕೆಂಪಿನಲ್ಲಿ ಬರೆಯುವುದು ಅಲ್ಲಿ ಸಾವಿನ ಅಪಶಕುನ. ನಮ್ಮ ಜೊತೆಗಾರ ಶಿಕ್ಷಕಿ ನಗುತ್ತಲೇ ಆ ಕಾಗದವನ್ನು ತೆಗೆದು, ಸಂಜೆಯೊಳಗೆ ನೀಲಿ ಶಾಯಿಯಲ್ಲಿ ಬರೆದು ಅದೇ ಜಾಗದಲ್ಲಿ ಅಂಟಿಸಿದರು. ನಮಗೆ ಒಂದು ಮಾತೂ ಹೇಳಲಿಲ್ಲ. ಕಾರಣ ಗೊತ್ತಾದದ್ದು ಮಾರನೆಯ ದಿನ, ಐದನೆಯ ತರಗತಿಯ ಹುಡುಗನಿಂದ.

ಈ ಜೊತೆಗಾರ ಶಿಕ್ಷಕಿಯ ಬಗ್ಗೆ ಹೇಳಲೇಬೇಕು. ಹೊರದೇಶದ ಶಿಕ್ಷಕರು ಅಲ್ಲಿ ಒಬ್ಬರೇ ಪಾಠ ಮಾಡುವಂತಿಲ್ಲ, ಕೊರಿಯಾದ ಒಬ್ಬರು ಜೊತೆಗಿರುತ್ತಾರೆ. ನಿಯಮದ ಪ್ರಕಾರ ತರಗತಿಯಲ್ಲಿ ಜೊತೆ ಅಷ್ಟೇ. ವಾಸ್ತವದಲ್ಲಿ ನಮ್ಮ ಬ್ಯಾಂಕ್ ಖಾತೆ, ಗ್ಯಾಸ್ ಬಿಲ್ಲು, ಜ್ವರಕ್ಕೆ ಔಷಧಿ, ಕೆಟ್ಟುಹೋದ ನೀರಿನ ಹೀಟರ್ ಎಲ್ಲವೂ ಅವರ ತಲೆಯ ಮೇಲೆಯೇ. ಪ್ರಾಥಮಿಕ ಶಾಲೆಯಲ್ಲಿ ಈ ಹೊಣೆ ಬಿದ್ದದ್ದು ಶಿಕ್ಷಕರ ಕೋಣೆಯಲ್ಲೇ ಕಿರಿಯರಾದ, ಇನ್ನೂ ಮೂವತ್ತು ತುಂಬದ ಒಬ್ಬ ಹೆಣ್ಣುಮಗಳಿಗೆ. ಇದಕ್ಕಾಗಿ ಅವರಿಗೆ ಹೆಚ್ಚು ಸಂಬಳ ಸಿಗುತ್ತದೆ ಎಂದು ನಾವು ಬಹಳ ಕಾಲ ನಂಬಿದ್ದೆವು. ಸಿಗುತ್ತಿರಲಿಲ್ಲ.

ಅಲ್ಲಿ ‘ಹ್ವೇಶಿಕ್’ ಎಂಬ ಪದ್ಧತಿಯಿದೆ. ಶಾಲೆಯವರೆಲ್ಲ ಸೇರಿ ಹೊರಗೆ ಮಾಡುವ ರಾತ್ರಿಯೂಟ. ಕರೆ ಬಂದರೆ ಹೋಗಲೇಬೇಕು ಎಂಬುದು ಬರೆಯದ ಕಾನೂನು. ಮೇಜಿನ ನಡುವೆ ಹಂದಿಮಾಂಸ ಸುಡುತ್ತಿರುತ್ತದೆ, ‘ಸೋಜು’ ಎಂಬ ಮದ್ಯವನ್ನು ಕಿರಿಯರು ಹಿರಿಯರಿಗೆ, ಹಿರಿಯರು ಕಿರಿಯರಿಗೆ ಸುರಿಯುತ್ತಾರೆ. ಎರಡೂ ನಮಗೆ ನಿಷಿದ್ಧ. ಮೊದಲ ಸಲ ತಲೆನೋವೆಂದು ಹೇಳಿ ತಪ್ಪಿಸಿಕೊಂಡೆವು. ಉಪ ಮುಖ್ಯೋಪಾಧ್ಯಾಯರ ಮುಖ ಒಂದು ವಾರ ಗಂಟಿಕ್ಕಿಕೊಂಡೇ ಇತ್ತು. ಎರಡನೆಯ ಸಲ ಊಟ ಮೀನಿನ ಹೋಟೆಲಿನಲ್ಲಿ ಎಂದು ತಿಳಿದು ಹೋದೆವು. ಹಿರಿಯರು ಸೀಸೆ ಎತ್ತುವ ಮೊದಲೇ ಜೊತೆಗಾರ ಶಿಕ್ಷಕಿ ನಮ್ಮ ಬಟ್ಟಲಿಗೆ ಅಲ್ಲಿ ‘ಸೈಡರ್’ ಎಂದು ಕರೆಯುವ ನಿಂಬೆ ಸೋಡಾ ತುಂಬಿಬಿಟ್ಟಿದ್ದರು. ನಾವು ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹಿರಿಯರ ಬಟ್ಟಲಿಗೆ ತಾಗಿಸಿದೆವು. ಎಲ್ಲರೂ ಖುಷಿಯಾದರು. ಜಾಗ ಬದಲಾಯಿಸಲು ಯಾರು ಯಾರ ಬಳಿ ಹೋಗಿ ಏನು ಹೇಳಿದರು ಎಂದು ನಾವು ಕೇಳಲೂ ಇಲ್ಲ.

ನಮ್ಮ ಮುನಿಸು ಬೆಳೆದದ್ದು ಬೇರೆ ಕಡೆಯಿಂದ. ಬೆಳಿಗ್ಗೆ ಪಾಠಕ್ಕೆ ಸಿದ್ಧರಾಗಿ ಹೋದರೆ ತರಗತಿ ಖಾಲಿ, ಮಕ್ಕಳೆಲ್ಲ ಕ್ರೀಡಾ ದಿನದ ಅಭ್ಯಾಸಕ್ಕೆ ಮೈದಾನದಲ್ಲಿ. ನಾಳೆ ಪೋಷಕರ ಮುಂದೆ ಮಾದರಿ ಪಾಠ ಎಂದು ಇಂದು ಸಂಜೆ ನಾಲ್ಕೂವರೆಗೆ ಗೊತ್ತಾಗುತ್ತಿತ್ತು. ಬೇಸಿಗೆ ರಜೆಯಲ್ಲಿ ಮಕ್ಕಳಿಲ್ಲದ ಶಾಲೆಗೆ ಬಂದು ಸಂಜೆಯವರೆಗೆ ಕುರ್ಚಿ ಕಾಯಬೇಕು. ‘ನಮಗೆ ಮೊದಲೇ ಯಾಕೆ ಹೇಳುವುದಿಲ್ಲ?’ ಎಂದು ಕೇಳಿದಾಗಲೆಲ್ಲ ಜೊತೆಗಾರ ಶಿಕ್ಷಕಿ ‘ಕ್ಷಮಿಸಿ, ನನಗೂ ಈಗಲೇ ಗೊತ್ತಾದದ್ದು’ ಎನ್ನುತ್ತಿದ್ದರು. ನಾವು ನಂಬುತ್ತಿರಲಿಲ್ಲ. ಶನಿವಾರ ಕೆನಡಾ, ದಕ್ಷಿಣ ಆಫ್ರಿಕಾದ ಶಿಕ್ಷಕರ ಜೊತೆ ಕಾಫಿ ಅಂಗಡಿಯಲ್ಲಿ ಕೂತಾಗ ಮಾತೆಲ್ಲ ಇದೇ. ಕೊರಿಯನ್ನರಿಗೆ ಯೋಜನೆ ಗೊತ್ತಿಲ್ಲ, ನೇರ ಮಾತು ಗೊತ್ತಿಲ್ಲ, ಗುತ್ತಿಗೆ ಪತ್ರದ ಬೆಲೆ ಗೊತ್ತಿಲ್ಲ. ನಾವೂ ಹೌದೆಂದು ತಲೆಯಾಡಿಸಿ ಹಾಗೆಯೇ ಮಾತಾಡಲು ಕಲಿತೆವು. ಮದುವೆಯ ದಿನವೂ ಊಟಕ್ಕೆಷ್ಟು ಜನ ಎಂದು ಲೆಕ್ಕ ಸಿಗದ ಊರಿನಿಂದ ಬಂದವರು ನಾವು ಎಂಬುದನ್ನು ಎಷ್ಟು ಬೇಗ ಮರೆತೆವು!

‘ನುಂಚಿ’ ಎಂಬ ಒಂದು ಪದ ಕೊರಿಯನ್ನರಲ್ಲಿದೆ. ಎದುರಿನವರ ಮನಸ್ಸನ್ನು ಅವರು ಬಾಯಿ ತೆರೆಯುವ ಮೊದಲೇ ಅರಿಯುವ ಜಾಣ್ಮೆ. ಅದಿಲ್ಲದವರು ಕೆಲಸದ ಜಾಗದಲ್ಲಿ ಎಲ್ಲರಿಗೂ ಹೊರೆ. ನಮ್ಮ ಮನೆಗಳಲ್ಲಿ ಇದಕ್ಕೆ ‘ಮುಖ ನೋಡಿ ತಿಳ್ಕೊಳ್ಳಬೇಕು’ ಎನ್ನುತ್ತಾರೆ. ಅಮ್ಮನಿಂದ ಈ ಮಾತಿಗೆ ಬೈಗುಳ ತಿನ್ನದವರು ಯಾರಿದ್ದಾರೆ?

2013ರ ಜನವರಿಯಲ್ಲಿ ಊರಿನಲ್ಲಿ ತಮ್ಮನ ಮದುವೆ ಇತ್ತು. ಮಾಧ್ಯಮಿಕ ಶಾಲೆಯಲ್ಲಿ ರಜೆ ಸುಲಭವಾಗಿ ಸಿಕ್ಕಿತು. ಪ್ರಾಥಮಿಕ ಶಾಲೆಯಲ್ಲಿ ನವೆಂಬರಿನಲ್ಲೇ ಕೇಳಿದೆವು. ಉಪ ಮುಖ್ಯೋಪಾಧ್ಯಾಯರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು ಏನೋ ಹೇಳಿದರು. ‘ಯೋಚಿಸಿ ನೋಡೋಣ ಎನ್ನುತ್ತಿದ್ದಾರೆ’ ಎಂದು ಜೊತೆಗಾರ ಶಿಕ್ಷಕಿ ಅನುವಾದಿಸಿದರು. ಸ್ವಲ್ಪ ಹೊತ್ತಿನ ಬಳಿಕ, ‘ಜನವರಿಯಲ್ಲಿ ಟಿಕೆಟ್ ತುಂಬಾ ದುಬಾರಿ ಅಲ್ಲವೇ? ಈಗಲೇ ಕೊಳ್ಳಬೇಡಿ’ ಎಂದೂ ಸೇರಿಸಿದರು. ಅವರ ಕಾಳಜಿಗೆ ಥ್ಯಾಂಕ್ಸ್ ಹೇಳಿ ಅದೇ ವಾರ ಟಿಕೆಟ್ ಕೊಂಡೆವು.

ಡಿಸೆಂಬರ್ ಕೊನೆಯಲ್ಲಿ ತಿಳಿಯಿತು, ಚಳಿಗಾಲದ ಇಂಗ್ಲಿಷ್ ಶಿಬಿರ ಅದೇ ದಿನಗಳಲ್ಲಿ, ಮಕ್ಕಳ ಹೆಸರೂ ಬರೆಸಿಕೊಂಡಾಗಿದೆ. ನಮಗೆ ಸಿಟ್ಟು ನೆತ್ತಿಗೇರಿತು. ರಾತ್ರಿ ಇಬ್ಬರೂ ಕೂತು, ಗುತ್ತಿಗೆ ಪತ್ರದ ಕಲಮುಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಶಿಕ್ಷಣ ಕಚೇರಿಗೆ ಚೊಕ್ಕ ಇಂಗ್ಲಿಷಿನಲ್ಲಿ ದೂರು ಬರೆದೆವು. ಮುಖ್ಯೋಪಾಧ್ಯಾಯರಿಗಾಗಲಿ ಉಪ ಮುಖ್ಯೋಪಾಧ್ಯಾಯರಿಗಾಗಲಿ ಒಂದು ಮಾತು ತಿಳಿಸಲಿಲ್ಲ. ‘ರಜೆ ಕೇಳಿದ್ದಕ್ಕೆ ಜೊತೆಗಾರ ಶಿಕ್ಷಕಿಯೇ ಸಾಕ್ಷಿ’ ಎಂದು ಕೊನೆಯಲ್ಲಿ ಒಂದು ಸಾಲನ್ನೂ ಸೇರಿಸಿದೆವು. ಆ ಸಾಲು ಬರೆದಾಗ ಬಹಳ ಜಾಣರಾದೆವು ಎಂದುಕೊಂಡಿದ್ದೆವು.

ಮೂರನೆಯ ದಿನ ರಜೆ ಮಂಜೂರಾಯಿತು. ಕಾನೂನಿನ ಪ್ರಕಾರ ಸರಿ ನಮ್ಮದೇ. ಅಂದು ಮಧ್ಯಾಹ್ನ ಉಪ ಮುಖ್ಯೋಪಾಧ್ಯಾಯರು ಜೊತೆಗಾರ ಶಿಕ್ಷಕಿಯನ್ನು ತಮ್ಮ ಮೇಜಿನ ಮುಂದೆ ನಿಲ್ಲಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಧ್ವನಿ ಎತ್ತರಿಸಿರಲಿಲ್ಲ. ಅವರು ತಲೆ ತಗ್ಗಿಸಿ ನಿಂತಿದ್ದರು. ಕೋಣೆಯಲ್ಲಿದ್ದ ಉಳಿದ ಶಿಕ್ಷಕರೆಲ್ಲ ತಮ್ಮ ಕಂಪ್ಯೂಟರುಗಳಲ್ಲಿ ಮುಳುಗಿದ್ದರು. ನಮ್ಮೊಡನೆ ಯಾರೂ ಜಗಳಕ್ಕೆ ಬರಲಿಲ್ಲ. ನಾವು ಅತಿಥಿಗಳಲ್ಲವೇ?

ಮದುವೆ ಮುಗಿಸಿ, ಶಿಕ್ಷಕರ ಕೋಣೆಗೆಂದು ಗೇರುಬೀಜದ ಪೊಟ್ಟಣಗಳನ್ನು ತಂದೆವು. ಎಲ್ಲರೂ ಎರಡೂ ಕೈಯಲ್ಲಿ ತೆಗೆದುಕೊಂಡರು. ಫೆಬ್ರವರಿ ಕೊನೆಯಲ್ಲಿ ಜೊತೆಗಾರ ಶಿಕ್ಷಕಿಯ ಮೇಜು ಖಾಲಿಯಾಯಿತು. ನಮ್ಮ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇತ್ತು. ಗ್ಯಾಸಿನವರ ನಂಬರು, ಇಂಗ್ಲಿಷ್ ಬಲ್ಲ ವೈದ್ಯರ ನಂಬರು, ಯಾವ ದಿನ ಯಾವ ಚೀಲದಲ್ಲಿ ಕಸ ಹಾಕಬೇಕು, ಹಂದಿಮಾಂಸವಿರುವ ತಿಂಡಿಗಳ ಹೆಸರು ಕೊರಿಯನ್ ಲಿಪಿಯಲ್ಲಿ ಹೇಗೆ ಕಾಣುತ್ತದೆ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ದೂರಿನ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಕೊರಿಯಾದ ಸರಕಾರಿ ಶಿಕ್ಷಕರಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ಸಹಜ, ಅವರಿಗೂ ಆಗಿರಬೇಕು ಎಂದು ಸುಮ್ಮನಾದೆವು. ಅವರು ಕಾಯಂ ಶಿಕ್ಷಕಿಯಲ್ಲ, ವರ್ಷ ವರ್ಷ ಒಪ್ಪಂದ ನವೀಕರಿಸಬೇಕಾದ ‘ಕಿಗಾಂಜೆ’ ಅಂದರೆ ಗುತ್ತಿಗೆ ಶಿಕ್ಷಕಿ ಎಂದು ಬೇರೊಬ್ಬರು ಹೇಳಿದ್ದು ಮರುವರ್ಷ. ನವೀಕರಣದ ತೀರ್ಮಾನ ಶಾಲೆಯದ್ದು. ಗುತ್ತಿಗೆ ಪತ್ರವನ್ನು ಹಿಡಿದು ಹೋರಾಡಿದ ನಮ್ಮ ಪಕ್ಕದಲ್ಲೇ ನಮಗಿಂತ ದುರ್ಬಲವಾದ ಗುತ್ತಿಗೆ ಪತ್ರವೊಂದು ಕೂತಿತ್ತು. ನಮ್ಮ ದೂರಿನಿಂದಲೇ ಅವರ ಕೆಲಸ ಹೋಯಿತೇ? ಖಾಲಿ ಇದ್ದ ಹುದ್ದೆಗೆ ಕಾಯಂ ಶಿಕ್ಷಕರು ಬಂದಿದ್ದರೂ ಇರಬಹುದು. ಒಮ್ಮೆ ಸಂದೇಶ ಕಳಿಸಿ ಕ್ಷಮೆ ಕೇಳಿದೆವು. ‘ನೀವು ಚೆನ್ನಾಗಿದ್ದೀರಾ? ನಾನು ಚೆನ್ನಾಗಿದ್ದೇನೆ’ ಎಂದು ಉತ್ತರ ಬಂತು. ಅದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುವ ನುಂಚಿ ಅಷ್ಟು ಹೊತ್ತಿಗೆ ನಮಗೂ ಬಂದಿತ್ತು.

ನಾವಿನ್ನೂ ಅಲ್ಲಿದ್ದಾಗಲೇ, 2014ರ ಏಪ್ರಿಲ್ 16ರಂದು, ಸೆವೊಲ್ ಹಡಗು ಮುಳುಗಿ 304 ಜನ ಸತ್ತರು. ಹೆಚ್ಚಿನವರು ಪ್ರವಾಸ ಹೊರಟಿದ್ದ ಪ್ರೌಢಶಾಲೆಯ ಮಕ್ಕಳು. ಅವರ ಜೊತೆಗಿದ್ದು ಮಡಿದ ಶಿಕ್ಷಕರಲ್ಲಿ ಇಬ್ಬರು ಗುತ್ತಿಗೆಯವರು. ಕಾಯಂ ಶಿಕ್ಷಕರಿಗೆ ಸಿಕ್ಕ ‘ಕರ್ತವ್ಯದಲ್ಲಿ ಮರಣ’ ಎಂಬ ಮಾನ್ಯತೆ ಅವರಿಗೆ ಸಿಗಲು 2017ರವರೆಗೆ ಕಾಯಬೇಕಾಯಿತು. ಆ ಸುದ್ದಿ ಓದಿದ ದಿನ ಊರಿನಲ್ಲಿದ್ದ ನಾವು ಆ ನೋಟ್ ಪುಸ್ತಕವನ್ನು ಹುಡುಕಿ ತೆಗೆದೆವು.

ಇದನ್ನೆಲ್ಲ ಓದಿದವರು, ಹಾಗಾದರೆ ಪರದೇಶಕ್ಕೆ ಹೋದವರು ಅಲ್ಲಿಯ ಸಂಸ್ಕೃತಿಗೆ ತಲೆಬಾಗಿ ಬಾಯಿ ಮುಚ್ಚಿಕೊಂಡಿರಬೇಕೇ ಎಂದು ಕೇಳಬಹುದು. ಖಂಡಿತ ಇಲ್ಲ. ನ್ಯೂಜಿಲೆಂಡಿನ ಆ ಶಿಕ್ಷಕಿ ಬಾಯಿ ಮುಚ್ಚಿಕೊಂಡಿದ್ದರೆ ರಕ್ತ ಪರೀಕ್ಷೆಯ ನಿಯಮ ಹೋಗುತ್ತಿತ್ತೇ? ಮೌನವನ್ನು ಕೊರಿಯನ್ನರ ಸಹಜ ಗುಣ ಎಂದುಕೊಳ್ಳುವುದೂ ತಪ್ಪು. 2019ರ ಜುಲೈನಲ್ಲಿ ಅಲ್ಲಿ ಕೆಲಸದ ಜಾಗದ ಕಿರುಕುಳವನ್ನು ನಿಷೇಧಿಸುವ ಕಾನೂನು ಜಾರಿಗೆ ಬಂತು. 2023ರ ಜುಲೈನಲ್ಲಿ ಸೋಲ್ ನಗರದ ಪ್ರಾಥಮಿಕ ಶಾಲೆಯೊಂದರ ಯುವ ಶಿಕ್ಷಕಿ ಶಾಲೆಯಲ್ಲೇ ಪ್ರಾಣ ಕಳೆದುಕೊಂಡಾಗ ಕಪ್ಪು ಬಟ್ಟೆ ತೊಟ್ಟ ಶಿಕ್ಷಕರು ವಾರ ವಾರ ಬೀದಿಗಿಳಿದರು. ಸೆಪ್ಟೆಂಬರ್ 4ರಂದು ಶಾಲೆಗಳನ್ನು ಬಿಟ್ಟು ಹೊರಬಂದರು. ಅದೇ ತಿಂಗಳು ಸಂಸತ್ತು ಶಿಕ್ಷಕರ ರಕ್ಷಣೆಗೆ ಕಾನೂನುಗಳನ್ನು ತಿದ್ದಿತು. ಮಾತಾಡಬಾರದೆಂಬ ಸಂಸ್ಕೃತಿ ಅವರದ್ದಲ್ಲ. ಮಾತಾಡಿದರೆ ಪೆಟ್ಟು ಯಾರ ಮೇಲೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ದೂರು ಕೊಟ್ಟದ್ದಕ್ಕೆ ನಮಗೆ ಪಶ್ಚಾತ್ತಾಪವಿಲ್ಲ. ಅವರನ್ನು ಕೇಳದೆ ಅವರನ್ನು ಸಾಕ್ಷಿ ಮಾಡಿದ್ದಕ್ಕೆ ಇದೆ.

2015ರಲ್ಲಿ ಮರಳಿದ ಮೇಲೆ ನಾವಿಬ್ಬರೂ ಮತ್ತೆ ಇಲ್ಲಿಯ ಶಾಲೆಗಳಲ್ಲಿದ್ದೇವೆ. ಇಲ್ಲೂ ಪ್ರತಿ ಜೂನ್‌ನಲ್ಲಿ ಅತಿಥಿ ಶಿಕ್ಷಕಿಯರು ಬರುತ್ತಾರೆ, ವರ್ಷದ ಕೊನೆಗೆ ಹೋಗುತ್ತಾರೆ. ಪ್ರತಿಭಾ ಕಾರಂಜಿಯ ಓಡಾಟ, ಮಕ್ಕಳ ಲೆಕ್ಕದ ಪಟ್ಟಿ, ಯಾರೂ ಒಲ್ಲದ ಕೆಲಸವೆಲ್ಲ ಅವರ ಮೇಜಿಗೆ ಹೋಗುತ್ತದೆ. ಮೊನ್ನೆ ಅವರಲ್ಲೊಬ್ಬರಿಗೆ, ‘ನಾಳೆ ಭಾನುವಾರ ಬರಲಿಕ್ಕಾಗ್ತದಾ ಟೀಚರ್?’ ಎಂದು ನಾವೇ ಕೇಳಿದೆವು.

‘ನೋಡೋಣ ಮೇಡಂ’ ಎಂದರು.

‘ಬೇಡ ಬಿಡಿ, ನಾವೇ ಮಾಡಿಕೊಳ್ತೇವೆ’ ಎಂದೆವು. ಅವರು ಆಶ್ಚರ್ಯದಿಂದ ನಮ್ಮ ಮುಖ ನೋಡಿದರು.