ಬಣ್ಣ ಹಚ್ಚದ ಜಾಗ

ಬಣ್ಣ ಹಚ್ಚುವುದು ಸುಲಭವಾದ ಕೆಲಸವೆಂದು ನಾನು ಬಹಳ ಕಾಲ ನಂಬಿದ್ದೆ. ಎಲ್ಲಿ ಹಚ್ಚಬಾರದೆಂಬುದನ್ನು ಅರಿಯುವುದೇ ಅದರಲ್ಲಿನ ಕಷ್ಟವೆಂದು ನನಗೆ ಕಲಿಸಿದ್ದು ಗೇಣುದ್ದದ ಒಂದು ಯಂತ್ರ.

ನನ್ನ ತಂದೆಯವರು ನಾಲೆ ತೋಡುವ ಕಾಮಗಾರಿಗಳಲ್ಲಿ ಎಕ್ಸ್‌ಕವೇಟರ್ ಎಂಬ ಮಣ್ಣು ಅಗೆಯುವ ಯಂತ್ರದ ಚಾಲಕರಾಗಿದ್ದರು. ಭಾರತ್ ಅರ್ಥ್ ಮೂವರ್ಸ್ ಎಂಬ ಹೆಸರಿನಿಂದ 1964ರಲ್ಲಿ ಸ್ಥಾಪನೆಯಾದ ಸಂಸ್ಥೆಯು ಕೋಲಾರ ಗೋಲ್ಡ್ ಫೀಲ್ಡ್ಸ್‌ನ ತನ್ನ ಕಾರ್ಖಾನೆಯಲ್ಲಿ ಇಂತಹ ಯಂತ್ರಗಳನ್ನೂ ಬುಲ್ಡೋಜರುಗಳನ್ನೂ ತಯಾರಿಸುತ್ತದೆ. ಹಳದಿ ಬಣ್ಣದ ಆ ಯಂತ್ರವು ತೋಳು ಚಾಚಿ ನೆಲವನ್ನು ಬಗೆಯುವುದನ್ನು ನೋಡುತ್ತಲೇ ನಾನು ಬೆಳೆದೆ. ತಂದೆಯವರು ನಿವೃತ್ತರಾದ ವರ್ಷ, ಅದರದೇ ಒಂದು ಕಿರುಮಾದರಿಯನ್ನು ಅವರ ಕೈಗಿಡಬೇಕೆಂಬ ಆಸೆ ನನ್ನಲ್ಲಿ ಹುಟ್ಟಿತು.

ಇಂತಹ ಮಾದರಿಗಳನ್ನು ಹೆಚ್ಚಾಗಿ 1:50ರ ಪ್ರಮಾಣದಲ್ಲಿ ಮಾಡುತ್ತಾರೆ. 10 ಮೀಟರ್ ಉದ್ದದ ಯಂತ್ರವು 20 ಸೆಂಟಿಮೀಟರಿಗೆ ಇಳಿಯುತ್ತದೆ. ನಾನು ಲೋಹದ ಬಿಡಿಭಾಗಗಳನ್ನು ತರಿಸಿ, ಜೋಡಿಸಿ, ಹೊಳೆಯುವ ಹಳದಿಯನ್ನು ದಪ್ಪನಾಗಿ ಬಳಿದೆ. ನೋಡಲು ಅದು ಬಹಳ ಚೆನ್ನಾಗಿತ್ತು. ಆದರೆ ತಂದೆಯವರು ನೋಡಿ ಸುಮ್ಮನಾಗಲಿಲ್ಲ; ಅವರ ಬೆರಳುಗಳು ತಾವಾಗಿಯೇ ಅದರ ತೋಳನ್ನೆತ್ತಲು ಹೋದವು. ತೋಳು ಏಳಲಿಲ್ಲ. ಇನ್ನಷ್ಟು ಒತ್ತಿದಾಗ ಕೀಲು ಮುರಿದು ಬಕೆಟ್ಟು ನೆಲಕ್ಕೆ ಬಿತ್ತು.

ನಾಚಿಕೆಯಿಂದ ನಾನು ತಲೆ ತಗ್ಗಿಸಿದೆ. ತಂದೆಯವರು ಮುರಿದ ತುಂಡನ್ನು ಹೆಕ್ಕಿ ಬೆಳಕಿಗೆ ಹಿಡಿದರು. “ಕೀಲಿಗೂ ಬಣ್ಣ ಹಚ್ಚಿಬಿಟ್ಟಿದ್ದೀಯಲ್ಲಪ್ಪ, ಇನ್ನು ಅದು ಆಡುವುದು ಹೇಗೆ?” ಎಂದರು.

ಅಂದು ರಾತ್ರಿ ಲೆಕ್ಕ ಹಾಕಿ ನೋಡಿದೆ. ಬಣ್ಣದ ಪದರವು ಕೇವಲ 0.1 ಮಿಲಿಮೀಟರ್ ದಪ್ಪವಿದ್ದರೂ, ರಂಧ್ರದ ಒಳಸುತ್ತಿಗೆ ಹತ್ತಿದಾಗ ಅದರ ವ್ಯಾಸವು 0.2 ಮಿಲಿಮೀಟರ್ ಕುಗ್ಗುತ್ತದೆ. ಕೀಲುಕಡ್ಡಿಗೆ ಹತ್ತಿದಾಗ ಅದರ ವ್ಯಾಸವು ಅಷ್ಟೇ ಹಿಗ್ಗುತ್ತದೆ. ಎರಡೂ ಸೇರಿ 0.4 ಮಿಲಿಮೀಟರ್! ಅಷ್ಟು ಸಡಿಲವು ಆ ಪುಟ್ಟ ಕೀಲಿನಲ್ಲಿ ಇರಲೇ ಇಲ್ಲ. ಯಂತ್ರವನ್ನು ಐವತ್ತು ಪಟ್ಟು ಕುಗ್ಗಿಸಬಹುದು, ಬಣ್ಣವನ್ನು ಹಾಗೆ ಕುಗ್ಗಿಸಲಾಗದು. ನನ್ನ ಆ ಪದರವು ನಿಜವಾದ ಯಂತ್ರದ ಮೇಲೆ 5 ಮಿಲಿಮೀಟರ್ ದಪ್ಪದ ಲೇಪಕ್ಕೆ ಸಮನಾಗಿತ್ತು.

ಎರಡನೆಯ ಸಲ ನಾನು ಅವಸರಪಡಲಿಲ್ಲ. ಜೋಡಿಸುವ ಮುನ್ನವೇ ಪ್ರತಿಯೊಂದು ಭಾಗವನ್ನೂ ಸಾಬೂನಿನ ನೀರಿನಲ್ಲಿ ತೊಳೆದು ಜಿಡ್ಡು ತೆಗೆದೆ. ರಂಧ್ರಗಳಿಗೆ ಸಣ್ಣ ಕಡ್ಡಿಗಳನ್ನು ಸಿಕ್ಕಿಸಿದೆ; ಕೀಲುಕಡ್ಡಿಗಳನ್ನು ಬೇರೆಯಾಗಿ ಎತ್ತಿಟ್ಟೆ. ಪ್ರೈಮರಿನ ತೆಳುಪದರ ಒಣಗಿದ ಮೇಲೆ ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ತೆಳುವಾಗಿ ಕದಡಿದ ಹಳದಿಯನ್ನು ಹಚ್ಚಿದೆ. ಒಂದು ಪದರ ಒಣಗುವವರೆಗೆ ಇನ್ನೊಂದಕ್ಕೆ ಕೈಹಾಕಲಿಲ್ಲ. ತೋಳನ್ನೆತ್ತುವ ಸಿಲಿಂಡರಿನ ದಂಡಕ್ಕೆ ಕಾಗದದ ಪಟ್ಟಿ ಸುತ್ತಿದೆ. ನಿಜವಾದ ಯಂತ್ರದಲ್ಲಿಯೂ ಆ ದಂಡಕ್ಕೆ ಬಣ್ಣವಿರುವುದಿಲ್ಲ. ಎಣ್ಣೆಯ ಒತ್ತಡದಿಂದ ಒಳಹೊರಗೆ ಜಾರುವ ಅದಕ್ಕೆ ಕ್ರೋಮಿಯಂನ ನುಣುಪು ಲೇಪವಿರುತ್ತದೆ. ಅದರ ಮೇಲೆ ಬಣ್ಣ ಹಚ್ಚಿದರೆ, ಅದು ಸುಲಿದು ಎಣ್ಣೆಯನ್ನು ತಡೆದಿಡುವ ಸೀಲನ್ನು ಕೆಡಿಸೀತು.

ಕೊನೆಗೆ, ದುಡಿದ ಯಂತ್ರದ ಕಳೆಯನ್ನು ಅದಕ್ಕೆ ತರಬೇಕಾಗಿತ್ತು. ಬಕೆಟ್ಟಿನ ಹಲ್ಲುಗಳಿಗೆ ತುಕ್ಕಿನ ಕಂದು ಹಚ್ಚಲು ಹೊರಟಾಗ ತಂದೆಯವರು ತಡೆದರು.

“ದಿನವೂ ಮಣ್ಣು ಕಚ್ಚುವ ಹಲ್ಲಿಗೆ ತುಕ್ಕು ಎಲ್ಲಿಯದು? ತುಕ್ಕು ಹಿಡಿಯುವುದು ನೀರು ನಿಲ್ಲುವ ಮೂಲೆಗೆ. ಹಲ್ಲು ಬೆಳ್ಳಗೆ ಮಿಂಚುತ್ತಿರಬೇಕು” ಎಂದರು.

ಅವರು ಹೇಳಿದಂತೆಯೇ ಹಲ್ಲುಗಳ ಲೋಹವನ್ನು ಬರಿದಾಗಿ ಬಿಟ್ಟೆ. ಸರಪಳಿಚಕ್ರಗಳ ಸಂದುಗಳಲ್ಲಿ ಮಾತ್ರ ಕೆಮ್ಮಣ್ಣಿನ ಬಣ್ಣವನ್ನು ಸವರಿದೆ. ಆಮೇಲೆ ಕೀಲುಗಳನ್ನು ಜೋಡಿಸಿ ಮಾದರಿಯನ್ನು ಅವರ ಮುಂದಿಟ್ಟೆ.

ತಂದೆಯವರು ಒಂದೇ ಬೆರಳಿನಿಂದ ತೋಳನ್ನೆತ್ತಿದರು. ಅದು ಸದ್ದಿಲ್ಲದೆ ಮೇಲೆದ್ದಿತು. ಬಕೆಟ್ಟು ಒಳಕ್ಕೆ ಮಡಿಸಿಕೊಂಡಿತು. ಅವರು ಹೊಗಳಲಿಲ್ಲ. ಅವರ ಎಡಗೈ ಮಾತ್ರ, ಅಲ್ಲಿ ಇಲ್ಲದ ಇನ್ನೊಂದು ಸನ್ನೆಯನ್ನು ಹಿಡಿದಂತೆ, ಗಾಳಿಯಲ್ಲಿ ಮೆಲ್ಲನೆ ಚಲಿಸಿತು. ಮೊದಲ ಮಾದರಿಯಲ್ಲಿ ನಾನು ಕೊಟ್ಟದ್ದು ಅವರ ಯಂತ್ರದ ಬಣ್ಣವನ್ನು ಮಾತ್ರ. ಈ ಸಲ ಅದರ ದುಡಿಮೆಯನ್ನು ಕೊಟ್ಟಿದ್ದೆ.