ಒಂದು ಸಂಖ್ಯೆ ಸಾಲದು

ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಅದರೊಳಗಿನ ಟ್ರೋಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. 1989ರಲ್ಲಿ ಜರ್ಮನಿಯ ಹ್ಯೂಗೋ ಕಾಟುಸ್ ಮತ್ತು ಸಂಗಡಿಗರು ಟ್ರೋಪೋನಿನ್ 'ಟಿ'ಯನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಹೃದಯಾಘಾತವನ್ನು ಪತ್ತೆ ಹಚ್ಚುವಲ್ಲಿ ಇಸಿಜಿಯ ಜೊತೆಗೆ ಇಂದು ಈ ಪರೀಕ್ಷೆಗೂ ದೊಡ್ಡ ಸ್ಥಾನವಿದೆ. ಆದರೆ ಕಿಡ್ನಿ ಕಾಯಿಲೆಯವರಲ್ಲಿ ಇದರ ಉತ್ತರ ಅಷ್ಟು ಸರಳವಲ್ಲ.

ಔರಾದ ಕಡೆಯ ಒಬ್ಬ ರೈತನನ್ನು ಕಣ್ಣಮುಂದೆ ತಂದುಕೊಳ್ಳಿ. ಡಯಾಲಿಸಿಸ್ ಮೇಲೆ ಬದುಕುತ್ತಿರುವಾತ. ಒಂದು ರಾತ್ರಿ ಏದುಸಿರು ಹತ್ತಿ, ಮನೆಯವರು ಬೀದರಕ್ಕೆ ಕರೆತರುತ್ತಾರೆ. ವರದಿಯಲ್ಲಿ ಟ್ರೋಪೋನಿನ್ 'ಟಿ' ಲೀಟರಿಗೆ 68 ನ್ಯಾನೋಗ್ರಾಂ. ಪಕ್ಕದಲ್ಲೇ ಅಚ್ಚಾಗಿರುವ ಮಿತಿ 14. ಪಿಯುಸಿ ಓದುವ ಮಗಳ ಕೈ ನಡುಗುತ್ತದೆ.

"ಡಾಕ್ಟರ್ ಸಾಹೇಬ್ರ, ಅಪ್ಪಗ ಹಾರ್ಟ್ ಅಟ್ಯಾಕ್ ಆಗ್ಯಾದೇನ್ರಿ?"

ಇಸಿಜಿಯಲ್ಲಿ ಸ್ಪಷ್ಟ ಗುರುತಿಲ್ಲ. ಡಾಕ್ಟರು ಹೌದೆನ್ನುವುದಿಲ್ಲ, ಇಲ್ಲವೆನ್ನುವುದೂ ಇಲ್ಲ. ಮೂರು ತಾಸಿನ ನಂತರ ಮತ್ತೆ ರಕ್ತ ತೆಗೆಯಲು ಹೇಳುತ್ತಾರೆ. ಇದು ಕಾಲಹರಣವೇ? ಖಂಡಿತ ಅಲ್ಲ.

ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯವನ್ನೇ ನೋಡಿ. ನೀರು ಮೇಲ್ಮಟ್ಟದಲ್ಲಿ ನಿಂತ ಮಾತ್ರಕ್ಕೆ ಈಗಷ್ಟೇ ಹೊಳೆ ಬಂದಿದೆ ಎನ್ನಲಾಗದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದಾಗ ಮಟ್ಟ ಏರಿದ್ದರೆ ಹೊಸ ನೀರು ಬರುತ್ತಿದೆ ಎಂದು ತಿಳಿಯುತ್ತದೆ. ಕಿಡ್ನಿ ಕಾಯಿಲೆಯವರ ಹೃದಯ ರಕ್ತದೊತ್ತಡದಿಂದ ದಣಿದಿರುತ್ತದೆ, ಅದರ ಗೋಡೆ ದಪ್ಪಗಾಗಿರುತ್ತದೆ. ಟ್ರೋಪೋನಿನ್ ದಿನವೂ ಇಷ್ಟಿಷ್ಟು ಸೋರುತ್ತಿರುತ್ತದೆ. ಅದು ರಕ್ತದಿಂದ ಹೊರಹೋಗುವುದೂ ನಿಧಾನವಾಗಿರಬಹುದು. ಹಾಗಾಗಿ ಅನೇಕರಲ್ಲಿ ಮಟ್ಟ ಸದಾ ಮೇಲೆಯೇ.

ಎರಡನೆಯ ಸಲ 70 ಬಂದರೆ ಅದು ಹಳೆಯ ಸೋರಿಕೆಯೇ ಇರಬಹುದು. 130 ಬಂದರೆ ಹೊಸ ಪೆಟ್ಟು ಎಂದೇ ಅನುಮಾನಿಸಬೇಕು. ಮೊದಲೇ ಮಟ್ಟ ಹೆಚ್ಚಿದ್ದವರಲ್ಲಿ ಶೇ. 20ಕ್ಕಿಂತ ಹೆಚ್ಚಿನ ಏರಿಳಿತವನ್ನು ವೈದ್ಯರು ಗಂಭೀರವಾಗಿ ನೋಡುತ್ತಾರೆ. ರೋಗಿಯ ಲಕ್ಷಣ, ಇಸಿಜಿಗಳನ್ನೂ ಕೂಡಿಸಿ ನಿರ್ಧರಿಸುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ಅಪಾಯಕಾರಿ. "ಕಿಡ್ನಿಯವರಿಗೆ ಇದು ಯಾವಾಗಲೂ ಹೆಚ್ಚೇ" ಎಂದು ಸುಮ್ಮನಾಗುವುದು! ಇಂಥ ರೋಗಿಗಳ ಸಾವಿಗೆ ಹೃದ್ರೋಗವೇ ಒಂದು ಮುಖ್ಯ ಕಾರಣ. ಎಷ್ಟೋ ಸಲ ಎದೆನೋವೂ ಇರುವುದಿಲ್ಲ, ಬರೀ ಏದುಸಿರು ಇರುತ್ತದೆ. ಏರದೆ ಇಳಿಯದೆ ಮೇಲೆಯೇ ನಿಂತ ಮಟ್ಟವೂ ಮುಂದಿನ ಅಪಾಯದ ಮುನ್ಸೂಚನೆಯೇ.

ಆದುದರಿಂದ ಮನೆಯಲ್ಲಿ ಕಿಡ್ನಿ ರೋಗಿಗಳಿದ್ದರೆ ಹಳೆಯ ರಕ್ತವರದಿ, ಇಸಿಜಿಗಳನ್ನು ಒಂದೇ ಫೈಲಿನಲ್ಲಿಡಿ. ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಡಯಾಲಿಸಿಸ್ ವಿಷಯವನ್ನು ಮೊದಲೇ ತಿಳಿಸಿ. ಓದುಬಲ್ಲ ಮಕ್ಕಳೇ ಈ ಫೈಲನ್ನು ಜೋಪಾನ ಮಾಡಬಹುದು. ಹೊಸ ಸಂಖ್ಯೆಯ ಅರ್ಥ ತಿಳಿಯಲು ಹಳೆಯ ಸಂಖ್ಯೆ ಬೇಕೇ ಬೇಕು.