ಕೇರಿಗೆ ಹೋಗಿ ಬಂದೆ

ಬೆಂಗಳೂರಿನಲ್ಲಿ ಯಾರಾದರೂ ಊರು ಯಾವುದೆಂದು ಕೇಳಿದರೆ ಅರಸೀಕೆರೆ ಅನ್ನುತ್ತೇನೆ. 'ಓ, ತೆಂಗಿನಕಾಯಿ ಅರಸೀಕೆರೆ, ರೈಲು ಜಂಕ್ಷನ್ನು' ಅನ್ನುತ್ತಾರೆ. ಅಲ್ಲ ಸ್ವಾಮಿ, ಅದು ಹಾಸನ ಜಿಲ್ಲೆಯದು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ರೈಲು ಬರುವುದಿಲ್ಲ. ತೆಂಗಿಗಿಂತ ಜಾಲಿ ಹೆಚ್ಚು. ಹಾಗಾದರೆ ಅದು ಯಾವ ಜಿಲ್ಲೆ ಎಂದು ಮುಂದಿನ ಪ್ರಶ್ನೆ. ಅಲ್ಲಿ ನನಗೆ ನಗು ಬರುತ್ತದೆ.

ನಮ್ಮಜ್ಜ ಹುಟ್ಟಿದಾಗ ನಮ್ಮೂರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. 1997ರಲ್ಲಿ ನಮ್ಮ ತಾಲ್ಲೂಕನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಅದರ ಫಲವಾಗಿ, 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ಬಂದಾಗ ಬಳ್ಳಾರಿಯವರಿಗೆ ಸಿಕ್ಕಿದ್ದು ನಮಗೆ ಸಿಗಲಿಲ್ಲ. ಜನ ಬೀದಿಗಿಳಿದರು. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ನನ್ನ ಎಸ್ಸೆಲ್ಸಿ ಅಂಕಪಟ್ಟಿ ಬಂದಾಗ ಒಂದು ಜಿಲ್ಲೆ, ಡಿಗ್ರಿ ಮುಗಿಸಿ ಜಾತಿ ಸರ್ಟಿಫಿಕೇಟು ಮಾಡಿಸಿದಾಗ ಇನ್ನೊಂದು, ಈಗ ಮತ್ತೊಂದು. ಊರು ಮಾತ್ರ ಒಂದು ಗೇಣೂ ಸರಿದಿಲ್ಲ. ಊರಿಗೂ ಕೇರಿಗೂ ನಡುವೆ ಇರುವ ಆ ಇಪ್ಪತ್ತು ಮಾರು ಬಯಲೂ ಸರಿದಿಲ್ಲ. ಅಜ್ಜ ಜಗಲಿ ಬಿಟ್ಟು ಏಳಲಿಲ್ಲ, ಸರ್ಕಾರಗಳೇ ಅವನ ಮುಂದೆ ಹಾದುಹೋದವು.

ಈ ಸಲ ಉಗಾದಿಗೆ ಹೋದೆ. ಎರಡು ವರ್ಷವಾಗಿತ್ತು. ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಬಸ್ಸು, ದಾವಣಗೆರೆಯಲ್ಲಿ ಬೆಳಗು. ಅಲ್ಲಿಂದ ಮುಂದೆ ಹೊಲಗಳೆಲ್ಲ ಬರೀ ಮೆಕ್ಕೆಜೋಳದ ಕೂಳೆ. ಹಿಂದೆ ಸಜ್ಜೆ, ನವಣೆ, ಬಿಳಿಜೋಳ ಬೆಳೆಯುತ್ತಿದ್ದ ನೆಲ. 'ಕೋಳಿ ತಿನ್ನಾದು ಬೆಳೀತೀವಿ, ರೇಷನ್ ಅಕ್ಕಿ ಉಣ್ತೀವಿ' ಅನ್ನುತ್ತಾಳೆ ನಮ್ಮವ್ವ. ಆಕೆ ಬೆಳೆಯುವುದೂ ತನ್ನ ಹೊಲದಲ್ಲಲ್ಲ.

'ಯಾಕಲೇ ಇಷ್ಟು ಸೊರಗೀ? ಅಲ್ಲೇನು ಉಣ್ಣಾಕ ಹಾಕಂಗಿಲ್ಲೇನು?' ಎಂದು ಅವ್ವ ಬಾಗಿಲಲ್ಲೇ ಮುಖ ಸವರಿದಳು. ಒಳಗೆ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡವ್ವನ ಕೊರಳಿಗೆ ಉಚ್ಚಂಗೆಮ್ಮನ ಹೆಸರಿನಲ್ಲಿ ಮುತ್ತು ಬಿದ್ದಾಗ ಆಕೆಗೆ ಹತ್ತು ವರ್ಷ ಇತ್ತೋ ಇಲ್ಲವೋ. ದೇವದಾಸಿ ನಿಷೇಧ ಕಾಯ್ದೆ ಆಗಿದ್ದು 1982ರಲ್ಲಿ. ಅದಕ್ಕೂ ಮುಂಚಿನ ಮಾತು ಇದು. ಮೊದಲು ಭಾರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಗುಡ್ಡ ಹತ್ತುತ್ತಿದ್ದಳು. ಈಗ ಮಂಡಿ ಹಿಡಿದಿದೆ. ಸರ್ಕಾರ ಕೊಡುವ ಪಿಂಚಣಿಯಲ್ಲಿ ನನ್ನ ಪಿಯುಸಿ ಫೀಜು ಕಟ್ಟಿದವಳು ಇವಳೇ.

'ನನ್ನ ಮ್ಯಾಲೆ ಏನಾರ ಬರದೀಯೇನಪ್ಪಾ?' ಅಂದಳು.

ಬರೆದಿದ್ದೆ. ಒಂದು ಕವಿಗೋಷ್ಠಿಯಲ್ಲಿ ಓದಿದ್ದೆ. ಚಪ್ಪಾಳೆ ಬಿದ್ದಿತ್ತು. ಬ್ಯಾಗಿನಲ್ಲಿ ಅಚ್ಚಾದ ಪ್ರತಿಯೂ ಇತ್ತು. ಆದರೆ ಅದರಲ್ಲಿ ಆಕೆಯ ದೇಹದ ಬಗ್ಗೆ ನಾನು ಬರೆದ ಮಾತುಗಳನ್ನು, ಒಲೆ ಮುಂದೆ ಕೂತ ಆಕೆಯ ಎದುರು ಓದಲು ಬಾಯಿ ಬರಲಿಲ್ಲ. 'ಇಲ್ಲವ್ವ, ಇನ್ನೂ ಬರೀಬೇಕು' ಅಂದೆ. ರೊಟ್ಟಿ ಬಿಸಿಯಾಗಿತ್ತು, ಗುರೆಳ್ಳು ಚಟ್ನಿ ಇತ್ತು. ತಲೆ ತಗ್ಗಿಸಿ ಉಂಡೆ.

ಉಗಾದಿಗೆ ಹೋಗಬೇಕೆನಿಸಿದ್ದಕ್ಕೆ ಇನ್ನೊಂದು ಕಾರಣವಿತ್ತು. ಗುಳೆ ಹೋದವರು ಆಗ ಊರಿಗೆ ಬರುತ್ತಾರೆ. ನನ್ನ ಗೆಳೆಯ ಚಿಕ್ಕಮಗಳೂರಿನ ಕಾಫಿ ತೋಟದಿಂದ ಬರುತ್ತಾನೆ. ನನಗಿಂತ ಎರಡು ವರ್ಷ ದೊಡ್ಡವನು, ಆದರೂ ಒಂದೇ ಕ್ಲಾಸು. ಗಣಿತದಲ್ಲಿ ಹುಲಿ. ನನ್ನ ಲೆಕ್ಕಗಳನ್ನೆಲ್ಲ ಅವನೇ ಬಿಡಿಸುತ್ತಿದ್ದ, ಅವನ ಪ್ರಬಂಧ ನಾನು ಬರೆಯುತ್ತಿದ್ದೆ. ಎಂಟನೇ ಕ್ಲಾಸಿನಲ್ಲಿ ಅವನ ಮನೆಯವರು ಸಾಲಕ್ಕೆ ಸಿಕ್ಕಿ ಕಾಫಿ ಹಣ್ಣು ಬಿಡಿಸಲು ಹೊರಟರು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇನ್ನೂ ಕೆಲವು ತಿಂಗಳು ಇತ್ತು. ಹತ್ತೊಂಬತ್ತಕ್ಕೇ ಮದುವೆ. ನಾನು ಹಾಸ್ಟೆಲ್ಲು, ಕಾಲೇಜು ಅಂತ ಹೊರಟುಹೋದೆ.

ಕೇರಿಯ ತುದಿಯಲ್ಲೇ ಸಿಕ್ಕ. ನೋಡಿದವನೇ, 'ಯಾವಾಗ ಬಂದ್ರಿ?' ಅಂದ.

ನನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. 'ಲೇ, ನಾನಲೇ' ಅಂದರೆ 'ಗೊತ್ರಿ' ಅನ್ನುತ್ತಾನೆ!

ಚಾ ಕುಡಿಯಲು ಊರೊಳಗಿನ ಹೋಟೆಲಿಗೆ ಹೋದೆವು. ನಾವು ಹುಡುಗರಿದ್ದಾಗ ನಮ್ಮ ಲೋಟಗಳು ಗೋಡೆಯ ಸಂದಿನಲ್ಲಿ ಇರುತ್ತಿದ್ದವು. ನಾವೇ ತೊಳೆದು ಹಿಡಿಯಬೇಕು, ಮೇಲಿನಿಂದ ಹೊಯ್ಯುತ್ತಿದ್ದರು. ಈಗ ಆ ಸಂದು ಖಾಲಿ. ಪೇಪರ್ ಲೋಟ ಬಂದಿದೆ. ಕುಡಿದು ಎಸೆದರಾಯಿತು, ಯಾರ ಎಂಜಲೂ ಯಾರಿಗೂ ಇಲ್ಲ. ಸಮಾನತೆ ಬಂತಲ್ಲ ಅಂದುಕೊಳ್ಳುವಷ್ಟರಲ್ಲಿ ಒಳಗಿನ ಬೆಂಚಿನವರಿಗೆ ಗಾಜಿನ ಲೋಟದಲ್ಲಿ ಚಾ ಹೋಯಿತು. ಗೆಳೆಯ ಆಗಲೇ ಎರಡು ಪೇಪರ್ ಲೋಟ ಹಿಡಿದು ಹೊರಗೆ ಬಂದಿದ್ದ. 'ಇಲ್ಲೇ ಚಲೋ ಬರ್ರಿ, ಗಾಳಿ ಬರ್ತೈತಿ.' ಗಲ್ಲೆಯ ಮೇಲಿದ್ದವನು ನನ್ನನ್ನು ನೋಡಿ, 'ಯಾರ ಮಗನಲೇ ನೀನು?' ಅಂದ. ನನಗಿಂತ ಸಣ್ಣವನೇ ಇರಬೇಕು. ಹೇಳಿದೆ. 'ಓ' ಅಂದು ಚಿಲ್ಲರೆ ಎಣಿಸಿದ.

ಆ ಹೊತ್ತಿಗೂ ನನ್ನ ಬ್ಯಾಗಿನಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಬರಹಗಳ ಪುಸ್ತಕವಿತ್ತು. ಅವರು ನಮಗೆ ದೂರದವರಲ್ಲ, ದಾವಣಗೆರೆ ಪಕ್ಕದ ಹರಿಹರದಲ್ಲಿ 1938ರಲ್ಲಿ ಹುಟ್ಟಿದವರು. ಭದ್ರಾವತಿಯಲ್ಲಿ ಮೇಷ್ಟರಾಗಿದ್ದುಕೊಂಡೇ ದಲಿತ ಸಂಘರ್ಷ ಸಮಿತಿ ಕಟ್ಟಿದವರು. ಅವರಾಗಿದ್ದರೆ ಒಳಗೆ ಹೋಗಿ ಆ ಬೆಂಚಿನ ಮೇಲೆ ಕೂರುತ್ತಿದ್ದರು. ನಾನು, ಬೆಂಕಿ, ಸಿಡಿಲು ಅಂತ ಪದ್ಯ ಬರೆಯುವವನು, ಹೊರಗೆ ನಿಂತು ಚಾ ಮುಗಿಸಿದೆ. ನಾಳೆ ಬಸ್ಸು ಹತ್ತುವವನು ನಾನು, ಕೇರಿಯಲ್ಲಿ ಉಳಿಯುವವನು ಅವನು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅದು ನೆಪವೋ ನಿಜವೋ ಈಗಲೂ ತಿಳಿಯದು.

ಮರುದಿನ ಸಂಜೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವ ಹೊತ್ತು. ಗೆಳೆಯ ತನ್ನ ಮಗನನ್ನು ಕರೆದುಕೊಂಡು ಬಂದ. 'ಸಾಹೇಬ್ರ ಕಾಲಿಗೆ ಬೀಳಲೇ.' ಹತ್ತು ವರ್ಷದ ಹುಡುಗ, ಐದನೇ ಕ್ಲಾಸು. ಎತ್ತಿಕೊಂಡು, ಸಾಲಿಗೆ ಹೋಗ್ತೀಯೇನು ಅಂದೆ. 'ತ್ವಾಟದಾಗಿದ್ದೆ' ಅಂದ.

ಅವನಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. 'ಇವನ್ನ ಮೊರಾರ್ಜಿ ಸಾಲಿಗೆ ಹಾಕ್ಬೇಕಂತ ಐತ್ರಿ. ಪರೀಕ್ಷೆ ಇದ್ದಾಗ ಹಣ್ಣು ಬಿಡಸಾದು ಇತ್ತು. ಮೇಸ್ತ್ರಿ ಬಿಡ್ಲಿಲ್ಲ. ನೀವು ಬೆಂಗಳೂರಾಗ ಯಾರಿಗಾರ ಹೇಳಿದ್ರ ಆಗ್ತೈತೇನ್ರಿ?'

ಆಗ ತಿಳಿಯಿತು. ಆ 'ರಿ' ಅವನು ಎರಡು ದಿನದಿಂದ ಕಟ್ಟಿಕೊಂಡು ಬಂದ ಅರ್ಜಿ. ನಾನು ಬೆಂಗಳೂರಲ್ಲಿ ಗುತ್ತಿಗೆ ನೌಕರ. ವರ್ಷಕ್ಕೊಮ್ಮೆ ನನ್ನ ಕೆಲಸವನ್ನೇ ಉಳಿಸಿಕೊಡಿ ಎಂದು ನಾನು ಇನ್ನೊಬ್ಬರ ಮುಂದೆ 'ರೀ' ಅನ್ನುತ್ತೇನೆ. ಅದನ್ನು ಅವನಿಗೆ ಹೇಳಲಿಲ್ಲ. 'ನೋಡ್ತೀನಿ' ಅಂದೆ. ಸಾಹೇಬರು ಅನ್ನುವ ಮಾತೇ ಅದು.

ರಾತ್ರಿ ಹುಡುಗನ ಪಾಟಿ ತರಿಸಿದೆ. ಭಾಗಾಕಾರ ಬರುತ್ತದೆಯೋ ನೋಡೋಣವೆಂದು 612ನ್ನು 6ರಿಂದ ಭಾಗಿಸು ಅಂದೆ. ಅವನು ಬರೆಯುವಷ್ಟರಲ್ಲಿ ನಾನೇ ದೊಡ್ಡಸ್ತಿಕೆಯಿಂದ '12' ಅಂದುಬಿಟ್ಟೆ. ಬಾಗಿಲಿಗೆ ಒರಗಿ ಬೀಡಿ ಹಚ್ಚುತ್ತಿದ್ದ ಗೆಳೆಯ ತಟ್ಟನೆ ಬಗ್ಗಿ ನೋಡಿದ.

'ಲೇ ಲೇ, ನಡುವೆ ಸೊನ್ನಿ ಬಿಟ್ಟೀ ನೋಡಲೇ. ನೂರಾ ಎರಡು. ಡಿಗ್ರಿ ಯಾರು ಕೊಟ್ರಲೇ ನಿನಗ?'

ಹುಡುಗ ನಕ್ಕ. ಅವ್ವ ನಕ್ಕಳು. ನಾನು ಎಷ್ಟು ನಕ್ಕೆ ಅಂದರೆ ದೊಡ್ಡವ್ವ ಒಳಗಿನಿಂದ 'ಏನಾತಲೇ' ಎಂದು ಎದ್ದು ಬಂದಳು. ಆಮೇಲೆ ಹನ್ನೊಂದರವರೆಗೆ ಅವನೇ ಮಗನಿಗೆ ಲೆಕ್ಕ ಹಾಕಿಕೊಟ್ಟ. ಮಧ್ಯೆ ಮಧ್ಯೆ ನನ್ನನ್ನು ಬೈದ.

ಬೆಳಿಗ್ಗೆ ಬಸ್ ಸ್ಟಾಂಡಿಗೆ ಬಂದ. ನಾನು ಬೇಡವೆಂದರೂ ಬ್ಯಾಗು ತಾನೇ ಹೊತ್ತಿದ್ದ. ಊರಿನವರು ನಾಲ್ಕು ಜನ ಅಲ್ಲಿ ನಿಂತಿದ್ದರು. ಬಸ್ಸು ಹೊರಟಾಗ ಕಿಟಕಿಯ ಹತ್ತಿರ ಬಂದು, 'ಹೋಗಿ ಬರ್ರಿ. ಅದೊಂದು ಹೇಳಾದು ಮರೀಬ್ಯಾಡ್ರಿ' ಅಂದ.